ಮುಚ್ಚಿಹೋಗುವ ಮುನ್ನ ನೋಡಿ: ತಾಂಡ್ಯದ ಸುತ್ತಮುತ್ತ ಮನೆ ಕಟ್ಟುವವರಿಗೆ

ಕಡಕೊಳ, ತಾಂಡವಪುರ, ತಾಂಡ್ಯ, ನಂಜನಗೂಡು ಕೈಗಾರಿಕಾ ಪ್ರದೇಶಗಳಿಗೆ ದುಡಿಯಲು ಬಂದವರು ಮೊದಲು ಬಾಡಿಗೆ ಮನೆ ಹಿಡಿಯುತ್ತಾರೆ. ನಾಲ್ಕು ಕಾಸು ಕೂಡಿದ ಮೇಲೆ ಸುತ್ತಲ ಹಳ್ಳಿಗಳಲ್ಲಿ 20–30ರದ್ದೋ 30–40ರದ್ದೋ ಒಂದು ಸೈಟು ಹುಡುಕುತ್ತಾರೆ. ಊರಿನವರೂ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆಗೆ ಕೈ ಹಾಕುತ್ತಿದ್ದಾರೆ. ಮನೆ ಕಟ್ಟುವ ಮಾತು ಬಂದ ಕೂಡಲೇ ಟೈಲ್ಸ್ ಯಾವುದು, ಮುಂಬಾಗಿಲು ತೇಗದ್ದೋ ಹೊನ್ನೆಯದೋ, ಅಡುಗೆಮನೆಗೆ ಯಾವ ಬಣ್ಣದ ಗ್ರಾನೈಟು ಎಂಬ ಚರ್ಚೆ ಶುರುವಾಗುತ್ತದೆ. ಇವೆಲ್ಲ ಹತ್ತು ವರ್ಷ ಬಿಟ್ಟು ಬೇಕಾದರೂ ಬದಲಾಯಿಸಬಹುದಾದವು. ಬದಲಾಯಿಸಲಾಗದವು ಬೇರೆ ಇವೆ: ಸೈಟಿನ ಮೂಲ, ಪಾಯದ ಕೆಳಗಿನ ಮಣ್ಣು, ಕಾಂಕ್ರೀಟಿನೊಳಗಿನ ಕಂಬಿ, ಗೋಡೆಯೊಳಗಿನ ಪೈಪು. ಮುಚ್ಚಿದ ಮೇಲೆ ಅವು ಕಣ್ಣಿಗೆ ಬೀಳುವುದಿಲ್ಲ, ಕೈಗೂ ಸಿಗುವುದಿಲ್ಲ. ನಿಮ್ಮ ದುಡ್ಡು, ಸಮಯ, ಹಟ ಮೂರೂ ಮೊದಲು ಅಲ್ಲಿಗೆ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೈಟಿನ ಮೂಲ

ನಮ್ಮ ಭಾಗದಲ್ಲಿ ಸೈಟು ಕೊಳ್ಳುವವರು ಕೇಳಲೇಬೇಕಾದ ಮೊದಲ ಪ್ರಶ್ನೆ: ಈ ಸರ್ವೆ ನಂಬರು ಕೈಗಾರಿಕೆಗೆ ನೋಟಿಫೈ ಆಗಿದೆಯೇ? ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಜಮೀನು ಸ್ವಾಧೀನ ಮಾಡಿಕೊಳ್ಳುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ಅಡಿಯಲ್ಲಿ. ಮೊದಲು 28(1)ರ ಪ್ರಾಥಮಿಕ ಅಧಿಸೂಚನೆ, ಆಮೇಲೆ 28(4)ರ ಅಂತಿಮ ಅಧಿಸೂಚನೆ. ಇವೆರಡರ ನಡುವೆ ವರ್ಷಗಳೇ ಕಳೆಯಬಹುದು, ಅಷ್ಟು ಕಾಲವೂ ಹೊಲ ಹೊಲದಂತೆಯೇ ಕಾಣುತ್ತಿರುತ್ತದೆ. ಪಹಣಿ ತೆಗೆಸಿ 11ನೇ ಕಾಲಂ ಓದಿ. ಸ್ವಾಧೀನ, ಸಾಲ, ತಕರಾರು ಏನಾದರೂ ದಾಖಲಾಗಿದ್ದರೆ ಅಲ್ಲಿ ಕಾಣಬೇಕು. ಕಾಣಲಿಲ್ಲವೆಂದು ಸುಮ್ಮನಾಗದೆ ಸರ್ವೆ ನಂಬರು ಹಿಡಿದು ಕೆಐಎಡಿಬಿಯ ಮೈಸೂರು ಕಚೇರಿಯಲ್ಲೂ ಕೇಳಿ.

ಎರಡನೆಯದು, ಆ ಜಮೀನು ಸರ್ಕಾರದಿಂದ ಮಂಜೂರಾದದ್ದೇ ಎಂಬುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಕ್ರಯ ಊರ್ಜಿತವಲ್ಲ. ಮೂರು ಕೈ ಬದಲಾಗಿ ನಿಮ್ಮ ಹತ್ತಿರ ಬಂದಿದ್ದರೂ ಅಷ್ಟೇ. ಮನೆ ಕಟ್ಟಿ ಕುಳಿತವರಿಗೆ ನೋಟಿಸ್ ಬಂದಾಗ ಮಾರಿದವನು ಸಿಗುವುದಿಲ್ಲ. ಆದ್ದರಿಂದ ಮೂಲ ಮಂಜೂರಾತಿಯಿಂದ ಇಂದಿನವರೆಗಿನ ಪತ್ರಗಳನ್ನೂ, ಕನಿಷ್ಠ 30 ವರ್ಷದ ಋಣಭಾರ ಪತ್ರವನ್ನೂ (ಇಸಿ) ವಕೀಲರಿಗೆ ತೋರಿಸಿ. ಸೈಟಿನ ಬೆಲೆಯ ಮುಂದೆ ವಕೀಲರ ಶುಲ್ಕ ದೊಡ್ಡದಲ್ಲ.

ಇನ್ನು ಪಂಚಾಯಿತಿ ಖಾತೆ. ಇ–ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಸಿಗುವುದು ಗ್ರಾಮಠಾಣಾ ಜಾಗಕ್ಕೆ, ಇಲ್ಲವೇ ಭೂ ಪರಿವರ್ತನೆಯಾಗಿ ನಕ್ಷೆ ಮಂಜೂರಾದ ಬಡಾವಣೆಯ ಸೈಟಿಗೆ. 11ಬಿ ಎಂದರೆ ಆ ಸ್ವತ್ತು ಪಂಚಾಯಿತಿ ಲೆಕ್ಕಕ್ಕೆ ಬಂದಿದೆ, ಕಂದಾಯ ಕಟ್ಟಿಸಿಕೊಳ್ಳುತ್ತಾರೆ ಎಂದಷ್ಟೇ. "ಕಂದಾಯ ರಸೀದಿ ಇದೆಯಲ್ಲ" ಎಂಬ ಮಾತನ್ನು ನಂಬಿ ಮುಂದುವರಿದವರು ಬ್ಯಾಂಕಿನ ಬಾಗಿಲಲ್ಲಿ ನಿಲ್ಲುತ್ತಾರೆ. 11ಬಿ ಸೈಟಿನ ಮೇಲೆ ಗೃಹಸಾಲ ಸಿಗುವುದು ಬಹಳ ಕಷ್ಟ. ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶದ ಒಳಗಿರುವ ಹಳ್ಳಿಯಾದರೆ ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ಪಂಚಾಯಿತಿ ಸೀಲು ಮಾತ್ರ ಸಾಲದು.

ಕೈಗಾರಿಕಾ ಪ್ರದೇಶದ ಆಸುಪಾಸು ವಿದ್ಯುತ್ ಲೈನುಗಳು ಹೆಚ್ಚು. 11 ಕೆ.ವಿ. ಲೈನಿನಿಂದ ಕಟ್ಟಡಕ್ಕೆ ಪಕ್ಕಕ್ಕೆ ಕನಿಷ್ಠ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಇರಬೇಕು. ಸೈಟು ನೋಡಲು ಹೋದಾಗ ನೆಲದ ಜೊತೆ ತಲೆಯ ಮೇಲೂ ನೋಡಿ. ಮುಂದೆ ಮಹಡಿ ಕಟ್ಟುವ ಆಸೆ ಇದ್ದರೆ ಆ ಮಹಡಿಯ ಎತ್ತರಕ್ಕೂ ಲೆಕ್ಕ ಹಾಕಿ.

ಕಟ್ಟಡದ ಪರವಾನಗಿಯನ್ನು ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಡಿ ಗ್ರಾಮ ಪಂಚಾಯಿತಿಯಿಂದ ಪಡೆಯಬೇಕು. ಹಳ್ಳಿಯಲ್ಲಿ ಯಾರು ಕೇಳುತ್ತಾರೆ ಎನ್ನುವ ಕಾಲ ಮುಗಿಯಿತು. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ನೀರು, ವಿದ್ಯುತ್ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ರಾಜ್ಯದಲ್ಲಿ ನಿಯಮ ಬಿಗಿಯಾಯಿತು, ಆಮೇಲೆ ಸಣ್ಣ ಮನೆಗಳಿಗೆ ಒಂದಷ್ಟು ವಿನಾಯಿತಿಯ ತೀರ್ಮಾನಗಳೂ ಬಂದವು. ನಿಮ್ಮ ಸೈಟಿಗೆ ಈಗ ಯಾವ ದಾಖಲೆ ಬೇಕು ಎಂಬುದನ್ನು ವಿದ್ಯುತ್ ಕಂಪನಿ ಸೆಸ್ಕ್‌ನ ಶಾಖಾ ಕಚೇರಿಯಲ್ಲಿ ಗುದ್ದಲಿ ಪೂಜೆಗೆ ಮೊದಲೇ ವಿಚಾರಿಸಿಕೊಳ್ಳಿ. ಗೃಹಪ್ರವೇಶದ ವಾರ ವಿಚಾರಿಸಿದರೆ ತಡವಾಯಿತು.

ನದಿ, ನಾಲೆ, ಎರೆ ಮಣ್ಣು

ಇಲ್ಲಿ ಮನೆಗೆ ಹೆಚ್ಚು ತೊಂದರೆ ಕೊಡುವುದು ನೀರು ಮತ್ತು ಮಣ್ಣು. 2018ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕಬಿನಿ ಜಲಾಶಯದಿಂದ ಭಾರೀ ಪ್ರಮಾಣದಲ್ಲಿ ನೀರು ಬಿಟ್ಟಾಗ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು, ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆಯೇ ನೀರು ಹರಿಯಿತು. ತಿ. ನರಸೀಪುರದಲ್ಲಿ ಕಾವೇರಿಯೂ ಕಪಿಲೆಯೂ (ಕಬಿನಿ) ಒಟ್ಟಿಗೆ ಏರಿದರೆ ತಗ್ಗಿನ ಬೀದಿಗಳಿಗೆ ನೀರು ನುಗ್ಗುತ್ತದೆ. ಹೊಳೆಯ ಕಡೆಗೆ ಸೈಟು ಕೊಳ್ಳುವವರು ಅಕ್ಕಪಕ್ಕದ ಹಿರಿಯರನ್ನು ಕೇಳಿ: "2019ರಲ್ಲಿ ನೀರು ಎಲ್ಲಿವರೆಗೂ ಬಂದಿತ್ತು?" ಅವರು ತೋರಿಸಿದ ಗುರುತನ್ನು ಲೆವೆಲ್ ಪೈಪ್ ಹಿಡಿದು ನಿಮ್ಮ ಸೈಟಿಗೆ ತನ್ನಿ. ಮನೆಯ ನೆಲ ಆ ಗುರುತಿಗಿಂತ ಎರಡಡಿಯಾದರೂ ಮೇಲಿರಲಿ. ಅಷ್ಟು ಏರಿಸಲು ಸಾಧ್ಯವಿಲ್ಲವೆಂದರೆ ಬೇರೆ ಸೈಟು ನೋಡುವುದೇ ಮೇಲು.

ನಾಲೆಯ ಬಯಲು ಇನ್ನೊಂದು ಬಗೆ. ಗದ್ದೆಗೆ ಮಣ್ಣು ತುಂಬಿ ಮಾಡಿದ ಬಡಾವಣೆ ಬೇಸಗೆಯಲ್ಲಿ ಗಟ್ಟಿ ನೆಲವಾಗಿ ಕಾಣುತ್ತದೆ. ನಾಲೆಗೆ ನೀರು ಬಿಟ್ಟು ಪಕ್ಕದಲ್ಲಿ ನಾಟಿ ಶುರುವಾದಾಗ ಅದೇ ನೆಲದಲ್ಲಿ ಮೂರು ಅಡಿ ಅಗೆದರೆ ನೀರು ಜಿನುಗುತ್ತದೆ. ಇಂಥ ಕಡೆ ಸೈಟು ನೋಡುವುದಾದರೆ ನಾಲೆಯಲ್ಲಿ ನೀರಿರುವ ತಿಂಗಳಲ್ಲೇ ನೋಡಿ. ಮಾಲೀಕರ ಒಪ್ಪಿಗೆ ಪಡೆದು ಒಂದು ಗುಂಡಿ ತೆಗೆಸಿ. ತುಂಬಿಸಿದ ಮಣ್ಣು ಎಷ್ಟು ಆಳವಿದೆ, ಅದರಡಿ ಗದ್ದೆಯ ಕೆಸರು ಎಷ್ಟಿದೆ, ಗಟ್ಟಿ ನೆಲ ಎಲ್ಲಿ ಸಿಗುತ್ತದೆ ಎಂಬುದು ಒಂದೇ ಗುಂಡಿಯಲ್ಲಿ ಗೊತ್ತಾಗುತ್ತದೆ. ತುಂಬಿಸಿದ ಮಣ್ಣಿನ ಮೇಲೆ ಪಾಯ ಕೂರಿಸಲೇಬಾರದು. ಅದನ್ನು ದಾಟಿ ಹುಟ್ಟು ನೆಲ ಮುಟ್ಟಬೇಕು.

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಕೆಂಪು ನೆಲವೂ ಇದೆ, ಎರೆ ನೆಲವೂ ಇದೆ. ಕೆಲವೊಮ್ಮೆ ಒಂದೇ ಹಳ್ಳಿಯ ಎರಡು ದಿಕ್ಕಿಗೆ ಎರಡು ಬಗೆ. ಕೆಂಪು ನೆಲದಲ್ಲಿ ನಾಲ್ಕೈದು ಅಡಿಗೆ ಗಟ್ಟಿ ಗೊಚ್ಚು ಸಿಕ್ಕಿದರೆ ಸೈಜುಗಲ್ಲಿನ ಪಾಯ ಸಾಕಾಗುತ್ತದೆ. ಎರೆ ಮಣ್ಣು ಹಾಗಲ್ಲ. ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರುಕು ಬಿಟ್ಟು ಕುಗ್ಗುತ್ತದೆ. ವರ್ಷ ವರ್ಷವೂ ಈ ಏರಿಳಿತಕ್ಕೆ ಸಿಕ್ಕಿದ ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಆ ಬಿರುಕಿಗೆ ಎಷ್ಟು ಬಾರಿ ಪುಟ್ಟಿ ತುಂಬಿದರೂ ಮುಂದಿನ ಬೇಸಗೆಗೆ ಮತ್ತೆ ಬಾಯಿ ತೆರೆಯುತ್ತದೆ, ಏಕೆಂದರೆ ಕಾರಣ ಗೋಡೆಯಲ್ಲಿಲ್ಲ, ಪಾಯದ ಕೆಳಗಿದೆ. ಎರೆ ನೆಲದಲ್ಲಿ ಮೇಸ್ತ್ರಿಯ ಅಂದಾಜಿನ ಮೇಲೆ ಪಾಯ ಹಾಕಬೇಡಿ. ಮಣ್ಣು ಪರೀಕ್ಷೆ ಮಾಡಿಸಿ, ಸ್ಟ್ರಕ್ಚರಲ್ ಎಂಜಿನಿಯರರಿಂದ ನಕ್ಷೆ ತೆಗೆಸಿ. ಎರೆ ಪದರ ತೆಳುವಾಗಿದ್ದರೆ ಅದನ್ನು ಪೂರ್ತಿ ತೆಗೆದು ಗಟ್ಟಿ ನೆಲಕ್ಕೆ ಇಳಿಯಬಹುದು. ದಪ್ಪವಾಗಿದ್ದರೆ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ಹಾಕುವ ವಿಧಾನವಿದೆ. ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದನ್ನು ಬೆಳೆಸಿತು. ಪಾಯ ಯಾವುದೇ ಆಗಲಿ, ಪ್ಲಿಂತ್ ಬೀಮ್ ಬಿಡಬೇಡಿ. ಮನೆಯ ಸುತ್ತ ಮೂರಡಿ ಅಗಲ, ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಹಾಸು ಹಾಕಿಸಿ, ಚಾವಣಿಯ ನೀರು ಪಾಯದ ಬುಡಕ್ಕೆ ಬೀಳದಿರಲಿ. ಗೋಡೆಗೆ ಒತ್ತಿ ದೊಡ್ಡ ಮರ ನೆಡಬೇಡಿ. ಬೇರು ನೀರು ಹೀರಿದ ಕಡೆ ಎರೆ ಕುಗ್ಗುತ್ತದೆ.

ಗೆದ್ದಲಿನ ಔಷಧಿಗೆ ಸರಿಯಾದ ಕಾಲವೂ ಪಾಯ ಹಾಕುವ ಈ ಹಂತವೇ. ಪಾಯದ ಗುಂಡಿಗೆ, ಪಕ್ಕಕ್ಕೆ ತುಂಬುವ ಮಣ್ಣಿಗೆ, ನೆಲದ ಕಾಂಕ್ರೀಟಿನ ಕೆಳಗೆ ಹೊಡೆಸಿದರೆ ಕೆಲಸ ಮುಗಿಯಿತು. ಬಾಗಿಲ ಚೌಕಟ್ಟು ಟೊಳ್ಳಾದ ಮೇಲೆ ನೆಲಕ್ಕೆ ತೂತು ಕೊರೆಸಿ ಹೊಡೆಸುವುದು ದುಬಾರಿ, ಫಲವೂ ಕಡಿಮೆ.

ಚದರದ ಲೆಕ್ಕ

ನಮ್ಮ ಕಡೆ ಗುತ್ತಿಗೆ ಮಾತಾಡುವುದು ಚದರದ ಲೆಕ್ಕದಲ್ಲಿ. ನೂರು ಚದರಡಿಗೆ ಒಂದು ಚದರ, 30–40ರ ಸೈಟಿನ ಪೂರ್ತಿ ಅಳತೆ ಹನ್ನೆರಡು ಚದರ. "ಚದರಕ್ಕೆ ಇಷ್ಟು" ಎಂದು ಕೈ ಕುಲುಕಿದಾಗ ಇಬ್ಬರ ಮನಸ್ಸಿನಲ್ಲೂ ಇರುವ ಮನೆ ಒಂದೇ ಅಲ್ಲ. ಸಂಪು ಸೇರಿದೆಯೇ? ಕಾಂಪೌಂಡು? ಮೆಟ್ಟಿಲ ಮೇಲಿನ ಹೆಡ್‌ರೂಮು ಪೂರ್ತಿ ಚದರವೋ ಅರ್ಧ ಚದರವೋ? ಬಾಲ್ಕನಿ, ಪೋರ್ಟಿಕೊ ಹೇಗೆ? ಸಜ್ಜ, ಅಟ್ಟ, ಅಡುಗೆಮನೆಯ ಕಟ್ಟೆ, ಪ್ಯಾರಪೆಟ್ ಗೋಡೆ? ಪಾಯ ಅಂದುಕೊಂಡದ್ದಕ್ಕಿಂತ ಎರಡಡಿ ಆಳಕ್ಕೆ ಹೋದರೆ ಹೆಚ್ಚಿನ ಕಲ್ಲಿಗೆ ಯಾರು ಕೊಡಬೇಕು? ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿ. ಇಷ್ಟನ್ನೂ ಒಂದೊಂದಾಗಿ ಛಾಪಾ ಕಾಗದದ ಮೇಲೆ ಬರೆಸಿ, ಇಬ್ಬರೂ ಸಹಿ ಹಾಕಿ. ಗುತ್ತಿಗೆದಾರ ನೆಂಟನಾಗಿದ್ದರೆ ಬರೆಸುವುದು ಇನ್ನೂ ಮುಖ್ಯ. ನೆಂಟಸ್ತನವನ್ನು ಉಳಿಸುವುದು ಆ ಕಾಗದವೇ.

ಮೆಟೀರಿಯಲ್ ಸಮೇತ ಗುತ್ತಿಗೆ ಕೊಡುವುದೋ, ಲೇಬರ್ ಮಾತ್ರವೋ? ದಿನವೂ ಸೈಟಿಗೆ ಹೋಗಿ ನಿಲ್ಲುವವರು ಮನೆಯಲ್ಲಿದ್ದರೆ ಲೇಬರ್ ಗುತ್ತಿಗೆ ಒಳ್ಳೆಯದು, ಮಾಲಿನ ಗುಣ ನಿಮ್ಮ ಕೈಯಲ್ಲಿರುತ್ತದೆ. ಗಂಡ ಹೆಂಡತಿ ಇಬ್ಬರೂ ಶಿಫ್ಟಿನಲ್ಲಿ ದುಡಿಯುವವರಾದರೆ ಅದು ಆಗದ ಮಾತು. ಆಗ ಮೆಟೀರಿಯಲ್ ಸಮೇತವೇ ಕೊಡಿ. ಸಿಮೆಂಟ್, ಕಂಬಿ, ವೈರು, ಪೈಪುಗಳ ಕಂಪನಿ ಮತ್ತು ದರ್ಜೆಯನ್ನು ಹೆಸರು ಹಿಡಿದು ಬರೆಸಿ. "ಒಳ್ಳೆ ಕ್ವಾಲಿಟಿ" ಎಂಬ ಮಾತು ಒಪ್ಪಂದದಲ್ಲಿ ಇರಬಾರದು. ಹಣವನ್ನು ಮುಗಿದ ಕೆಲಸಕ್ಕೆ ಕೊಡಿ: ಪಾಯ, ಲಿಂಟಲ್, ಮೋಲ್ಡ್, ಪ್ಲಾಸ್ಟರ್, ನೆಲ, ಬಣ್ಣ. ಕೊನೆಯ ಕಂತು ದೊಡ್ಡದಾಗಿರಲಿ.

ಕಂಬಿಯನ್ನು ತೂಕಕ್ಕೆ ಕೊಳ್ಳಿ, ಎಣಿಸಿಯೂ ನೋಡಿ. 12 ಮೀಟರ್ ಉದ್ದದ 8 ಎಂ.ಎಂ. ಕಂಬಿ ಸುಮಾರು 4.7 ಕಿಲೊ, 12 ಎಂ.ಎಂ. ಕಂಬಿ ಸುಮಾರು 10.7 ಕಿಲೊ ತೂಗಬೇಕು. ಎಂ ಸ್ಯಾಂಡ್ ಹೆಸರಿನಲ್ಲಿ ಕ್ರಷರ್ ಡಸ್ಟ್ ಬರುವುದುಂಟು. ಅಂಗೈಯಲ್ಲಿ ಉಜ್ಜಿದರೆ ಬೂದಿಯಂತೆ ಅಂಟಿಕೊಳ್ಳುವ ಲೋಡನ್ನು ಇಳಿಸಿಕೊಳ್ಳಬೇಡಿ. ಪ್ಲಾಸ್ಟರಿಗೆ ನುಣುಪಾದ ಪಿ ಸ್ಯಾಂಡ್ ಬೇರೆಯೇ ತರಿಸಿ. ರಾತ್ರಿ ಬರುವ ಹೊಳೆ ಮರಳಿನ ಆಸೆ ಬೇಡ. ಪರ್ಮಿಟ್ ಇಲ್ಲದ ಮರಳು ನಿಮ್ಮ ಸೈಟಿನಲ್ಲಿ ಬಿದ್ದಿದ್ದರೆ ಉತ್ತರ ಕೊಡಬೇಕಾದವರು ನೀವು.

ಸರ್ಕಾರದ ಮನೆ ಪಡೆದವರಿಗೆ ಒಂದು ಮಾತು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಲೆಕ್ಕ 25 ಚದರ ಮೀಟರ್ ಮನೆಗೆ, ಬಯಲು ಪ್ರದೇಶದಲ್ಲಿ ಸಹಾಯಧನ 1.20 ಲಕ್ಷ ರೂಪಾಯಿ. ಹಂತ ಹಂತಕ್ಕೆ ಜಿಪಿಎಸ್ ಫೋಟೊ ಆಗಿ ಬಿಲ್ ಆಗುತ್ತದೆ. ಮನೆ ಕಟ್ಟುವುದು ಜೀವನದಲ್ಲಿ ಒಂದೇ ಸಲ ಎಂದು ಎಂಟು ಚದರಕ್ಕೆ ಪಾಯ ಹಾಕಿ, ಲಿಂಟಲ್ ಮಟ್ಟಕ್ಕೆ ದುಡ್ಡು ಮುಗಿದು, ಕಂಬಿಗಳು ತುಕ್ಕು ಹಿಡಿಯುತ್ತಾ ನಿಂತ ಮನೆಗಳು ಹಲವು ಹಳ್ಳಿಗಳಲ್ಲಿವೆ. ಚಿಕ್ಕದಾಗಿ ಕಟ್ಟಿ ಮುಗಿಸಿ ವಾಸಕ್ಕೆ ಹೋಗಿ. ಮುಂದೆ ಕೋಣೆ ಸೇರಿಸಲು ಯಾವ ಕಡೆ ಜಾಗ ಎಂಬುದನ್ನು ಮಾತ್ರ ಈಗಲೇ ನಕ್ಷೆಯಲ್ಲಿ ಗುರುತು ಮಾಡಿಡಿ.

ಆಯ ನೋಡಿಸುವವರು ನಕ್ಷೆ ಬರೆಸುವ ಮೊದಲೇ ನೋಡಿಸಿ. ಪಿಲ್ಲರ್ ಎದ್ದ ಮೇಲೆ ಯಾರೋ ಬಂದು ಅಡುಗೆಮನೆ ಆಗ್ನೇಯಕ್ಕಿಲ್ಲ ಎಂದರೆಂದು ಗೋಡೆ ಸರಿಸಿದರೆ ಬೀಮಿನ ಲೆಕ್ಕವೆಲ್ಲ ತಪ್ಪುತ್ತದೆ.

ಮೋಲ್ಡ್ ಹಾಕುವ ದಿನ

ಮೋಲ್ಡ್ ದಿನ ಎಲ್ಲರಿಗೂ ಹಬ್ಬ. ಜನ, ಮಿಕ್ಸರು, ಊಟ, ಗಲಾಟೆ. ನೋಡಬೇಕಾದ್ದನ್ನು ಹಿಂದಿನ ದಿನವೇ ನೋಡಿ. ಎಂಜಿನಿಯರ್ ಬಂದು ಕಂಬಿ ಪರಿಶೀಲಿಸದೆ ಕಾಂಕ್ರೀಟ್ ಸುರಿಯಲು ಬಿಡಬೇಡಿ. ಕಂಬಿ ಹಲಗೆಗೆ ಅಂಟಿ ಕೂತಿದ್ದರೆ ನಾಳೆ ಕೆಳಗಿನಿಂದ ಕಂಬಿ ಕಾಣುತ್ತದೆ, ಕೆಲವೇ ವರ್ಷದಲ್ಲಿ ತುಕ್ಕು ಹಿಡಿದು ಸಿಮೆಂಟು ಉದುರುತ್ತದೆ. ಚಾವಣಿಗೆ 20 ಎಂ.ಎಂ., ಬೀಮಿಗೆ 25, ಪಿಲ್ಲರಿಗೆ 40, ಫುಟಿಂಗಿಗೆ 50 ಎಂ.ಎಂ. ಕವರ್ ಬ್ಲಾಕ್ ಇಡಿಸಿ. ಜಲ್ಲಿಕಲ್ಲಿನ ಚೂರು ಇಟ್ಟು ಸರಿಮಾಡುವುದನ್ನು ಒಪ್ಪಬೇಡಿ.

ಬಾಲ್ಕನಿ ಮತ್ತು ಸಜ್ಜದ ಮೇಲೆ ವಿಶೇಷ ಕಣ್ಣಿಡಿ. ಒಂದೇ ಕಡೆ ಆಧಾರವಿದ್ದು ಹೊರಕ್ಕೆ ಚಾಚಿದ ಭಾಗಕ್ಕೆ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟ್ ಹೊತ್ತು ಓಡಾಡುವವರು ತುಳಿದು ಅದು ಕೆಳಕ್ಕೆ ಇಳಿದರೆ ಸೆಂಟ್ರಿಂಗ್ ಬಿಚ್ಚಿದ ದಿನವೇ ಮುರಿದು ಬೀಳಬಹುದು, ಜನ ನಿಂತಾಗಲೂ ಬೀಳಬಹುದು. ಮೇಲಿನ ಕಂಬಿಗೆ ಆಧಾರವಾಗಿ ಕಂಬಿಯ ಚೇರ್‌ಗಳನ್ನು ಇಡಿಸಿ, ಓಡಾಡಲು ಹಲಗೆ ಹಾಕಿಸಿ.

ಎಂ20 ಕಾಂಕ್ರೀಟಿಗೆ ವಾಡಿಕೆಯ ಪ್ರಮಾಣ ಒಂದು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ. 50 ಕಿಲೊ ಚೀಲವೊಂದಕ್ಕೆ ನೀರು 30 ಲೀಟರ್ ಮೀರಬಾರದು. ಸೈಟಿನಲ್ಲಿ ಮೀರುವುದೇ ಹೆಚ್ಚು, ಏಕೆಂದರೆ ತೆಳುವಾದಷ್ಟೂ ಸುರಿಯುವುದು ಸುಲಭ. ಹೆಚ್ಚಾದ ನೀರು ಆರಿದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿದು ಚಾವಣಿ ಸೋರುತ್ತದೆ. ಮಿಕ್ಸರಿನ ಹತ್ತಿರ ಅಳತೆಯ ಬಕೆಟ್ ಇಟ್ಟು ನಿಮ್ಮವರೊಬ್ಬರು ನಿಲ್ಲಲಿ. ವೈಬ್ರೇಟರ್ ಬೇಕೇ ಬೇಕು. ಕೈಕೊಟ್ಟರೆ ಇರಲೆಂದು ಇನ್ನೊಂದನ್ನೂ ತರಿಸಿಟ್ಟುಕೊಳ್ಳಿ.

ಮರುದಿನದಿಂದ ಪಾತಿ ಕಟ್ಟಿ ನೀರು ನಿಲ್ಲಿಸಬೇಕು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವುದು ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ 14 ದಿನ ನಿಲ್ಲಿಸಿ. ಈಗ ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಪಿಪಿಸಿಯೇ, ಆದ್ದರಿಂದ ಏಳೇ ದಿನಕ್ಕೆ ನೀರು ಕಟ್ಟುವುದನ್ನು ಮುಗಿಸುವ ಹಳೆಯ ರೂಢಿ ಬಿಡಿ. ಸೆಂಟ್ರಿಂಗ್‌ನವರು ಹಲಗೆ ಇನ್ನೊಂದು ಸೈಟಿಗೆ ಬೇಕೆಂದು ಅವಸರ ಮಾಡುತ್ತಾರೆ. ನಾಲ್ಕೂವರೆ ಮೀಟರಿಗಿಂತ ಅಗಲದ ಚಾವಣಿಗೆ ಜಾಕ್‌ಗಳು 14 ದಿನ ಇರಲೇಬೇಕು. ಆರು ಮೀಟರ್‌ವರೆಗಿನ ಬೀಮಿಗೂ 14 ದಿನ, ಅದಕ್ಕೂ ಉದ್ದವಾದರೆ 21. ಇದನ್ನೂ ಒಪ್ಪಂದದಲ್ಲಿ ಬರೆಸಿ.

ಎಲೆಕ್ಟ್ರಿಷಿಯನ್ ಮೋಲ್ಡಿಗೆ ಮೊದಲೇ ಬರಬೇಕು. ಫ್ಯಾನ್ ಹುಕ್, ಲೈಟಿನ ಪೈಪು ಕಂಬಿಯ ಜೊತೆಗೇ ಕೂರುವಂಥವು. ಕಾಂಕ್ರೀಟ್ ಹಾಕುವ ಮುಂಚೆ, ಆಮೇಲೆ ಗೋಡೆಗೆ ಪ್ಲಾಸ್ಟರ್ ಮಾಡುವ ಮುಂಚೆ, ಟೇಪನ್ನು ಎದುರಿಗೆ ಹಿಡಿದು ಮೂಲೆ ಮೂಲೆಯನ್ನೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಐದು ವರ್ಷ ಬಿಟ್ಟು ಮೊಳೆ ಹೊಡೆಯುವಾಗ, ಪೈಪು ಸೋರಿದಾಗ ಆ ಫೋಟೊಗಳಷ್ಟು ನೆರವು ಬೇರೇನೂ ಕೊಡದು. ಖರ್ಚಿಲ್ಲದ ಈ ಕೆಲಸವನ್ನು ದಯವಿಟ್ಟು ಬಿಡಬೇಡಿ.

ಗೋಡೆ, ಗುಂಡಿ, ಒಳಗಿನ ಕೆಲಸ

ಸುಟ್ಟ ಇಟ್ಟಿಗೆಯನ್ನು ಕಟ್ಟುವ ಮೊದಲು ನೀರಿನಲ್ಲಿ ನೆನೆಸಬೇಕು, ಕಾಂಕ್ರೀಟ್ ಬ್ಲಾಕನ್ನು ನೆನೆಸಬಾರದು. ನೆಂದ ಬ್ಲಾಕ್ ಗೋಡೆಯಲ್ಲಿ ಕೂತು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಗೋಡೆಯೂ ಪಿಲ್ಲರೂ ಕೂಡುವ ಗೆರೆಯಲ್ಲಿ ಪ್ಲಾಸ್ಟರಿಗೆ ಮುನ್ನ ಚಿಕನ್ ಮೆಶ್ ಹೊಡೆಸಿ. ಪಶ್ಚಿಮದ ಗೋಡೆ ಮಧ್ಯಾಹ್ನದ ಬಿಸಿಲಿಗೆ ಕಾದು ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ. ಮಲಗುವ ಕೋಣೆಯನ್ನು ಆ ಕಡೆ ಇಡದೆ ಮೆಟ್ಟಿಲು, ಬಚ್ಚಲು ಇಟ್ಟರೆ ಮನೆ ತಣ್ಣಗಿರುತ್ತದೆ.

ಒಳಚರಂಡಿ ಇಲ್ಲದ ಹಳ್ಳಿಯಲ್ಲಿ ಶೌಚದ ಗುಂಡಿ ಎಲ್ಲಿ ಎಂಬುದನ್ನು ಕೊನೆಗೆ ಬಿಡುತ್ತಾರೆ, ಉಳಿದ ಮೂಲೆಯಲ್ಲಿ ತೋಡಿಸುತ್ತಾರೆ. ಅದು ಮೊದಲ ದಿನದ ನಿರ್ಧಾರ ಆಗಬೇಕು. ಕೆಂಪು ನೆಲದಲ್ಲಿ ಎರಡು ಗುಂಡಿಯ ಪದ್ಧತಿ ಚೆನ್ನಾಗಿ ನಡೆಯುತ್ತದೆ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿದರೆ ಮೊದಲನೆಯದು ಒಂದೆರಡು ವರ್ಷದಲ್ಲಿ ಗೊಬ್ಬರವಾಗುತ್ತದೆ. ಎರೆ ಮಣ್ಣೂ ಗದ್ದೆಯ ನೆಲವೂ ನೀರು ಇಂಗಿಸುವುದಿಲ್ಲ. ಅಲ್ಲಿ ಇಂಗುಗುಂಡಿ ಮೊದಲ ಮಳೆಗಾಲಕ್ಕೇ ತುಂಬಿ ವಾಸನೆ ಬರುತ್ತದೆ. ಅಂಥ ಕಡೆ ನೀರು ಸೋರದ ದೊಡ್ಡ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ, ಖಾಲಿ ಮಾಡುವ ಗಾಡಿಯ ಪೈಪು ತಲುಪುವಂತೆ ರಸ್ತೆಯ ಕಡೆಗಿರಲಿ. ಕುಡಿಯುವ ನೀರಿನ ಬೋರಿಗೂ ಇಂಗುಗುಂಡಿಗೂ 18 ಮೀಟರ್ ಅಂತರವಿರಬೇಕೆಂದು ಮಾನಕ ಹೇಳುತ್ತದೆ. ಪಕ್ಕದ ಮನೆಯವರ ಬೋರನ್ನೂ ಲೆಕ್ಕಕ್ಕೆ ಹಿಡಿಯಿರಿ, ಅವರ ಮಕ್ಕಳೂ ಅದೇ ನೀರು ಕುಡಿಯುತ್ತಾರೆ.

ಹನ್ನೆರಡು ಚದರದ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 110 ಲೀಟರ್ ನೀರು. ವರ್ಷಕ್ಕೆ 700 ಮಿ.ಮೀ. ಎಂದಿಟ್ಟುಕೊಂಡು ಪೋಲಾಗುವುದನ್ನು ಕಳೆದರೂ ಅರವತ್ತು ಸಾವಿರ ಲೀಟರಿನಷ್ಟು ಹಿಡಿಯಬಹುದು. ಚಾವಣಿಯ ಇಳಿಜಾರನ್ನು ಒಂದೇ ಮೂಲೆಗೆ ಕೊಟ್ಟು ಪೈಪನ್ನು ಸಂಪಿನ ಕಡೆ ತಂದರೆ ಮುಗಿಯಿತು, ಈಗಲಾದರೆ ಹೆಚ್ಚಿನ ಖರ್ಚೇ ಇಲ್ಲ. ಸೋಲಾರಿಗೂ ಹಾಗೆಯೇ ಒಂದು ಖಾಲಿ ಪೈಪನ್ನು ಚಾವಣಿಯಿಂದ ಮೀಟರ್ ಬೋರ್ಡಿನವರೆಗೆ ಬಿಟ್ಟಿರಿ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೊವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿಯೊಳಗೆ ನಿಮ್ಮ ಬಳಕೆ ಇದ್ದರೆ ಅವಸರ ಬೇಡ, ಪೈಪು ಮಾತ್ರ ಇರಲಿ.

ವೈರಿಂಗಿನಲ್ಲಿ ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿ.ಮೀ. ತಂತಿ. 30 ಮಿಲಿಆಂಪಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಜೀವ ಉಳಿಸುತ್ತವೆ. ಇವುಗಳಲ್ಲಿ ಉಳಿತಾಯ ಮಾಡಿ ಆ ಹಣದಲ್ಲಿ ಫಾಲ್ಸ್ ಸೀಲಿಂಗ್ ಹಾಕಿಸುವುದು ನನಗೆ ಒಪ್ಪಿಗೆಯಾಗದ ಲೆಕ್ಕ. ಅಡುಗೆಮನೆಯ ಕಟ್ಟೆಯ ಎತ್ತರವನ್ನು ಮೇಸ್ತ್ರಿ ಹೇಳಬಾರದು, ಅಲ್ಲಿ ನಿಂತು ದಿನವೂ ಅಡುಗೆ ಮಾಡುವವರು ಹೇಳಬೇಕು. ಬಚ್ಚಲಿನ ನೆಲ ತಗ್ಗಿಸಿದ ಚಾವಣಿಯಾದರೆ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಕೂರಿಸುವ ಮೊದಲು, ಪೈಪಿನ ಬಾಯಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ಕೆಳಗಿನಿಂದ ನೋಡಿ. ಒದ್ದೆ ಕಂಡರೆ ಮತ್ತೆ ಮಾಡಿಸಿ. ಕೆಳಗೆ ನಿಂತು ನೋಡುವ ವ್ಯವಧಾನ ಇಲ್ಲದೆ ಹಾಳಾದ ಚಾವಣಿಗಳು ಬಹಳ ಇವೆ.

ಕೊನೆಗೆ ಗೃಹಪ್ರವೇಶದ ದಿನಾಂಕ. ಆಷಾಢಕ್ಕೆ ಮೊದಲು ಮುಗಿಯಬೇಕೆಂದು ಮುಹೂರ್ತ ಇಡಿಸಿ, ಪತ್ರಿಕೆ ಹಂಚಿ, ಆಮೇಲೆ ಕೆಲಸ ಓಡಿಸುತ್ತಾರೆ. ಹಸಿ ಪ್ಲಾಸ್ಟರಿಗೆ ಪುಟ್ಟಿ, ಹಸಿ ಪುಟ್ಟಿಗೆ ಬಣ್ಣ. ಶ್ರಾವಣದ ಹೊತ್ತಿಗೆ ಬಣ್ಣ ಗುಳ್ಳೆ ಎದ್ದು ಸುಲಿಯುತ್ತದೆ. ಪ್ಲಾಸ್ಟರ್ ಚೆನ್ನಾಗಿ ಆರಲು ಒಂದು ತಿಂಗಳಾದರೂ ಬಿಡಿ. ಮುಹೂರ್ತ ತಪ್ಪಿಸಲಾಗದಿದ್ದರೆ ಗೋಡೆಗೆ ಬಿಳಿ ಸುಣ್ಣ ಅಥವಾ ಪ್ರೈಮರ್ ಹೊಡೆಸಿ ಹಾಲು ಉಕ್ಕಿಸಿ, ಬಣ್ಣವನ್ನು ಮಳೆಗಾಲ ಕಳೆದ ಮೇಲೆ ಮಾಡಿಸಿ. ಗುತ್ತಿಗೆದಾರನಿಗೆ ಕೊಡಬೇಕಾದ ಹಣದಲ್ಲಿ ನೂರಕ್ಕೆ ಐದರಷ್ಟನ್ನು ಒಂದು ಪೂರ್ತಿ ಮಳೆಗಾಲ ಮುಗಿಯುವವರೆಗೆ ಉಳಿಸಿಕೊಳ್ಳುವುದಾಗಿ ಒಪ್ಪಂದದಲ್ಲೇ ಬರೆಸಿರಬೇಕು. ಜೋರು ಮಳೆ ಹೊಯ್ದ ಮಾರನೆಯ ಬೆಳಿಗ್ಗೆ ಅವರನ್ನೂ ಕರೆದುಕೊಂಡು ಚಾವಣಿ, ಕಿಟಕಿಯ ಮೂಲೆ, ಪಾಯದ ಬುಡ ಸುತ್ತಿ ನೋಡಿ. ಸೋರಿದ್ದನ್ನು ಸರಿಮಾಡಿಸಿ, ಉಳಿದ ಹಣ ಕೊಟ್ಟು ಲೆಕ್ಕ ಮುಗಿಸಿ.